ಪುಟದ ಕೊನೆಯ ಸಾಲು

ಅಂಧ ಮಕ್ಕಳ ಶಾಲೆಯ ಬ್ರೈಲ್ ಪ್ರಿಂಟರು ಪ್ರತಿ ಪುಟದ ಕೊನೆಯ ಸಾಲನ್ನು ಮುದ್ರಿಸುವುದಿಲ್ಲ ಎಂಬ ಸಂಗತಿ, ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಹತ್ತನೇ ತರಗತಿಯ ಹದಿನೇಳು ಮಕ್ಕಳ ಪೈಕಿ ಹದಿನೇಳೂ ಗಣಿತದಲ್ಲಿ ನಪಾಸಾದ ಮೇಲೆ ಅಧಿಕೃತವಾಗಿ ಬೆಳಕಿಗೆ ಬಂತು. ಪ್ರಶ್ನೆಪತ್ರಿಕೆಯನ್ನು ಶಾಲೆಯಲ್ಲೇ ಮುದ್ರಿಸಿದ್ದು ಅದೇ ಮೊದಲು. ಅದಕ್ಕೂ ಮುಂಚೆ ಹತ್ತು ವರ್ಷ ಆ ಪ್ರಿಂಟರಿನಲ್ಲಿ ಬರೀ ಕಥೆಪುಸ್ತಕಗಳು, ವಾರ್ಷಿಕ ವರದಿಗಳು ಬರುತ್ತಿದ್ದವು. ಸಾಲು ತಪ್ಪಿರುವುದು ಓದಿದ ಮಕ್ಕಳಿಗೆಲ್ಲ ಗೊತ್ತಿತ್ತು. ಆದರೆ ಮಕ್ಕಳಿಗೆ ಗೊತ್ತಿರುವುದನ್ನು ಸಂಗತಿ ಎಂದು ಪರಿಗಣಿಸುವ ಪದ್ಧತಿ ಶಾಲೆಯಲ್ಲಿಲ್ಲ.

ಪ್ರಿಂಟರು ನಡೆಸುವ ಹೆಂಗಸನ್ನು ಎಲ್ಲರೂ ಪ್ರಿಂಟರಮ್ಮ ಎನ್ನುತ್ತಿದ್ದರು. ಆಕೆಗೆ ಕಣ್ಣಿತ್ತು, ಬ್ರೈಲ್ ಬರುತ್ತಿರಲಿಲ್ಲ. ಬ್ರೈಲ್ ಬರುತ್ತಿದ್ದ ಮಗಳು ಆ ಹದಿನೇಳರಲ್ಲಿ ಒಬ್ಬಳು.

"ಗಣಿತ ಅಂದ್ರೆ ಪ್ರಾಣ ಬಿಡ್ತಿದ್ದೆಯಲ್ಲೇ, ಏನಾಯ್ತು?"

"ಒಂದು ತೊಟ್ಟಿಗೆ ಎರಡು ನಲ್ಲಿ. ಒಂದು ನಾಲ್ಕು ಗಂಟೆಯಲ್ಲಿ ತುಂಬಿಸುತ್ತೆ, ಇನ್ನೊಂದು ಆರು ಗಂಟೆಯಲ್ಲಿ ಖಾಲಿ ಮಾಡುತ್ತೆ. ಅಷ್ಟೇ ಇತ್ತಮ್ಮ. ಆಮೇಲೆ ಕಾಗದ ಮುಗೀತು."

"ಅದಕ್ಕೆ ನೀನೇನು ಬರೆದೆ?"

"ಎರಡನೇ ನಲ್ಲಿ ನಿಲ್ಲಿಸಿ ಅಂತ ಬರೆದೆ. ಸೊನ್ನೆ ಕೊಟ್ರು."

ಅಂತಿಮ ಪರೀಕ್ಷೆಗೆ ಹದಿನೆಂಟು ದಿನ ಉಳಿದಿತ್ತು. ಅದರ ಪತ್ರಿಕೆಯೂ ಪರೀಕ್ಷಾ ಕಚೇರಿಯಿಂದ ಮೊಹರಾದ ಕಡತವಾಗಿ ಬಂದು ಇದೇ ಪ್ರಿಂಟರಿನಲ್ಲಿ ಮುದ್ರಣವಾಗಬೇಕಿತ್ತು. ಅದರಲ್ಲೂ ನಪಾಸಾದವರಿಗೆ ಮುಂದೆ ಓದು ಇಲ್ಲ. ಅವರನ್ನು ಹಿಂಭಾಗದ ಕೊಠಡಿಯಲ್ಲಿ ಕುರ್ಚಿ ಹೆಣೆಯಲು ಕೂರಿಸುವುದು ನಿಯಮ.

ಪ್ರಿಂಟರಮ್ಮ ಹೆಡ್‌ಮಾಸ್ಟರ ಬಳಿ ಹೋದಳು.

"ಪ್ರಿಂಟರು ಓಡೋದು ಮುಕ್ತ ತಂತ್ರಾಂಶದಲ್ಲಿ ಕಣಮ್ಮ, ಯಾರು ಬೇಕಾದ್ರೂ ಬಳಸ್ಬಹುದು, ತಿದ್ಬಹುದು. ರಿಪೇರಿಗೆ ಕಂಪನಿಯವರ ಕಾಲು ಹಿಡಿಯೋ ಹಾಗಿಲ್ಲ."

"ಮತ್ತೆ ಯಾರ ಕಾಲು ಹಿಡೀಲಿ ಸರ್?"

"ಎಲ್ಲರದೂ. ಅದಕ್ಕೊಂದು ಬಳಕೆದಾರರ ಸಮುದಾಯ ಇದೆ."

ಶಾಲೆಗೆ ಈ ಸಮುದಾಯದ ಮೇಲೆ ಅಪಾರ ಗೌರವವಿತ್ತು. ಹತ್ತು ವರ್ಷ ಪುಕ್ಕಟೆಯಾಗಿ ಬಳಸಿದ್ದಕ್ಕೆ ಪ್ರತಿ ಬ್ರೈಲ್ ವಾರ್ಷಿಕ ವರದಿಯಲ್ಲೂ ಒಂದು ಸಾಲಿನ ಕೃತಜ್ಞತೆ ಸಲ್ಲಿಸುತ್ತಿತ್ತು. ಅದು ಪುಟದ ಕೊನೆಯ ಸಾಲಾದ್ದರಿಂದ ಮುದ್ರಣವಾಗುತ್ತಿರಲಿಲ್ಲ.

ಪ್ರಿಂಟರಮ್ಮ ಸಮುದಾಯದ ಆನ್‌ಲೈನ್ ವೇದಿಕೆಗೆ ಸೇರಿದಳು. ಪ್ರಶ್ನೆ ಕೇಳುವ ಮೊದಲು ಓದಬೇಕಾದ ನಲವತ್ತೊಂದು ಸೂಚನೆಗಳನ್ನು ಎರಡು ದಿನ ಕೂತು ಓದಿ, ಪ್ರಶ್ನೆ ಕೇಳಿದಳು. ನಾಲ್ಕು ನಿಮಿಷದಲ್ಲಿ ಹಿರಿಯ ನಿರ್ವಾಹಕ 'ಹಳೇಹುಲಿ' ಯಾರೂ ಉತ್ತರಿಸದಂತೆ ಅದಕ್ಕೆ ಬೀಗ ಹಾಕಿದ: "ಈ ಪ್ರಶ್ನೆಯನ್ನು ಹಿಂದೆಯೇ ಕೇಳಲಾಗಿದೆ. ಹುಡುಕುವ ಸೌಜನ್ಯವಿರಲಿ."

ಹುಡುಕಿದಳು. ನಿಜ. ಒಂಬತ್ತು ವರ್ಷದ ಹಿಂದೆ ಯಾರೋ ಇದೇ ಪ್ರಶ್ನೆ ಕೇಳಿದ್ದರು. ಕೆಳಗೆ ಕೇಳಿದವರದೇ ಉತ್ತರ: "ಬಗೆಹರಿಯಿತು. ಧನ್ಯವಾದಗಳು." ಹೇಗೆ ಎಂದು ಬರೆದಿರಲಿಲ್ಲ. "ಹೇಗೆ?" ಎಂದು ಅದರಡಿ ಬರೆದಳು. ಬಗೆಹರಿದ ಪ್ರಶ್ನೆಯನ್ನು ಕೆದಕಬಾರದೆಂಬ ಇಪ್ಪತ್ತೆಂಟನೇ ಸೂಚನೆಯನ್ವಯ ಆಕೆಯನ್ನು ಮೂರು ದಿನ ಹೊರಗಿಡಲಾಯಿತು.

ಮರಳಿ ಬಂದು, ಬೇರೆ ಮಾತುಗಳಲ್ಲಿ ಕೇಳಿದಳು. ಈ ಸಲ ಸಹಾಯ ಧಾರಾಳವಾಗಿ ಬಂತು. ಒಬ್ಬ, ಇಡೀ ಕಂಪ್ಯೂಟರನ್ನು ಅಳಿಸಿ ತನ್ನ ಮೆಚ್ಚಿನ ಆಪರೇಟಿಂಗ್ ವ್ಯವಸ್ಥೆ ಹಾಕಿಕೊಳ್ಳಲು ಹೇಳಿ, ತನ್ನ ಪರದೆಯ ಚಿತ್ರ ಲಗತ್ತಿಸಿದ. ಇನ್ನೊಬ್ಬ ತನ್ನಲ್ಲಿ ಎಲ್ಲ ಸರಿಯಾಗಿದೆ ಎಂದ.

"ನಿಮ್ಮ ಹತ್ರ ಬ್ರೈಲ್ ಪ್ರಿಂಟರ್ ಇದೆಯಾ ಅಣ್ಣಾ?"

"ಇಲ್ಲ. ಇದುವರೆಗೆ ಒಂದು ತೊಂದರೆಯೂ ಬಂದಿಲ್ಲ."

ಹಳೇಹುಲಿ ನಡುವೆ ಬಂದು ಎಚ್ಚರಿಸಿದ: "ಇಲ್ಲಿ ಎಲ್ಲರೂ ಸಮಾನರು. ಅಣ್ಣ, ತಮ್ಮ ನಿಷಿದ್ಧ." ಕೆಳಗೆ ಸಹಿ ಇತ್ತು: ಹಿರಿಯ ನಿರ್ವಾಹಕ, ಪ್ರಥಮ ದರ್ಜೆ, ಹದಿನಾಲ್ಕು ಪದಕ.

ಹತ್ತನೇ ದಿನ 'ಗುಬ್ಬಿ' ಎಂಬ ಹೊಸ ಸದಸ್ಯ ಬರೆದ: "ಅಕ್ಕಾ, ಸಾಲು ಎಣಿಸುವಾಗ ಒಂದು ಕಡಿಮೆ ಎಣಿಸಿಬಿಟ್ಟಿದ್ದಾರೆ. ಒಂದೇ ಅಂಕಿ ಬದಲಾಯಿಸಿದೆ. ಈಗ ಸರಿಹೋಗುತ್ತೆ."

ಆ ತಿದ್ದುಪಡಿಯನ್ನು ಸಮುದಾಯ ಕೂಲಂಕಷವಾಗಿ ಪರಿಶೀಲಿಸಿ ತಿರಸ್ಕರಿಸಿತು. ಕಾರಣ: ತಿದ್ದುಪಡಿಯ ಕಡತದ ಕೊನೆಯಲ್ಲಿ ನಿಯಮದಂತೆ ಒಂದು ಖಾಲಿ ಸಾಲು ಬಿಟ್ಟಿರಲಿಲ್ಲ. ಕೊನೆಯ ಸಾಲಿನ ವಿಷಯದಲ್ಲಿ ಸಮುದಾಯ ಯಾವ ರಾಜಿಯನ್ನೂ ಮಾಡಿಕೊಳ್ಳುವುದಿಲ್ಲ. ಗುಬ್ಬಿ ಖಾಲಿ ಸಾಲು ಸೇರಿಸಿದ. ಖಾಲಿ ಸಾಲು ನಿಜಕ್ಕೂ ಖಾಲಿ ಇದೆಯೇ ಎಂಬ ಬಗ್ಗೆ ಇನ್ನೂರ ಹನ್ನೆರಡು ಅಭಿಪ್ರಾಯಗಳು ಬಂದವು. "ಮಕ್ಕಳಿಗೆ ಪರೀಕ್ಷೆ ಇದೆ ಕಣ್ರೋ" ಎಂದು ಬರೆದದ್ದಕ್ಕೆ ಗುಬ್ಬಿಯನ್ನು ಅಸಭ್ಯ ಧಾಟಿಯ ಆರೋಪದ ಮೇಲೆ ಕಾಯಂ ಹೊರಹಾಕಲಾಯಿತು. ವಿಷಯವನ್ನು ಐದು ತಿಂಗಳ ನಂತರದ ಮಹಾಸಭೆಗೆ ಒಯ್ಯಲಾಯಿತು.

ಪ್ರಿಂಟರಮ್ಮ ಹೆಡ್‌ಮಾಸ್ಟರ ಮುಂದೆ ನಿಂತಳು.

"ಸರ್, ಆ ಹುಡುಗ ಕೊಟ್ಟ ತಿದ್ದುಪಡಿ ನನ್ನ ಹತ್ರ ಇದೆ. ಹಾಕಿಬಿಡ್ಲಾ?"

"ಸಮುದಾಯ ಒಪ್ಪಿಲ್ವಲ್ಲಮ್ಮ. ನಾಳೆ ನನ್ನ ಕುತ್ತಿಗೆಗೆ ಬಂದ್ರೆ?"

"ಮುಕ್ತ ಅಂದ್ರಿ?"

"ಮುಕ್ತ ಅಂತ ಸಿಕ್ಕಿದ್ದೆಲ್ಲ ಮುಟ್ಟೋದಾ?"

"ಹೋಗ್ಲಿ, ಕೊನೇ ಸಾಲನ್ನ ಕೊಠಡಿಯಲ್ಲಿ ಯಾರಾದ್ರೂ ಓದಿ ಹೇಳ್ಲಿ."

"ಗಟ್ಟಿಯಾಗಿ ಓದಿದ್ರೆ ಎಲ್ಲರಿಗೂ ಕೇಳಿಸುತ್ತೆ."

"ಎಲ್ಲರಿಗೂ ಅದೇ ಪ್ರಶ್ನೆ ಅಲ್ವಾ ಸರ್?"

"ಅದೇ ನೋಡಿ ಅಪಾಯ."

ಪರೀಕ್ಷೆಗೆ ಮೂರು ದಿನವಿದ್ದಾಗ, ಮಹಾಸಭೆಯವರೆಗೆ ಜಾರಿಯಲ್ಲಿರುವಂತೆ, ಸಮುದಾಯದ ಮಧ್ಯಂತರ ಪ್ರಕಟಣೆ ಹೊರಬಿತ್ತು: "ಕೊನೆಯ ಸಾಲು ಮುದ್ರಣವಾಗದಿರುವುದು ದೋಷವಲ್ಲ. ಒಂಬತ್ತು ವರ್ಷದಿಂದ ಹೀಗೇ ಇರುವುದರಿಂದ ಇದನ್ನೇ ನಂಬಿಕೊಂಡ ಬಳಕೆದಾರರು ಇರಬಹುದು. ಅವರಿಗೆ ತೊಂದರೆ ಕೊಡಲಾಗದು. ಪುಟದ ಕೊನೆಯ ಸಾಲಿನಲ್ಲಿ ಮುಖ್ಯವಾದದ್ದೇನನ್ನೂ ಬರೆಯತಕ್ಕದ್ದಲ್ಲ."

ಹೆಡ್‌ಮಾಸ್ಟರು ಅದನ್ನು ಲಗತ್ತಿಸಿ ಪರೀಕ್ಷಾ ಕಚೇರಿಗೆ ಬರೆದರು. ಮೊಹರಾದ ಪತ್ರಿಕೆಯಲ್ಲಿ ಒಂದು ಚುಕ್ಕೆಯನ್ನೂ ಕದಲಿಸಲಾಗದ ಕಾರಣ ಕಚೇರಿ ಸುತ್ತೋಲೆ ಹೊರಡಿಸಿತು: "ಪ್ರತಿ ಪುಟದ ಕೊನೆಯ ಪ್ರಶ್ನೆಯನ್ನು ವಿದ್ಯಾರ್ಥಿಯೇ ರಚಿಸಿಕೊಂಡು ಉತ್ತರಿಸತಕ್ಕದ್ದು. ರಚಿಸಿದ ಪ್ರಶ್ನೆ ಮೂಲ ಪ್ರಶ್ನೆಯನ್ನು ಹೋಲಿದಲ್ಲಿ ನಕಲು ಎಂದು ಪರಿಗಣಿಸಲಾಗುವುದು."

ಅಂತಿಮ ಪರೀಕ್ಷೆಯಲ್ಲೂ ಅದೇ ತೊಟ್ಟಿ ಬಂತು, ಅದೇ ಎರಡು ನಲ್ಲಿ. ಮಗಳು ಪ್ರಶ್ನೆ ರಚಿಸಿದಳು: "ಎರಡನೆಯ ನಲ್ಲಿಯನ್ನು ತೆರೆದಿಟ್ಟವರು ಯಾರು?" ಉತ್ತರವನ್ನೂ ಬರೆದಳು: "ಗೊತ್ತಿಲ್ಲ. ಕೇಳಿದರೆ, ಹಿಂದೆಯೇ ಕೇಳಲಾಗಿದೆ ಎನ್ನುತ್ತಾರೆ." ಪ್ರಶ್ನೆ ಮೂಲವನ್ನು ಎಲ್ಲೂ ಹೋಲದ ಕಾರಣ ಪೂರ್ಣ ಅಂಕ ಬಂತು.

ಹದಿನೇಳೂ ಮಕ್ಕಳು ಪಾಸು. ಶಾಲೆಯ ಇತಿಹಾಸದಲ್ಲೇ ನೂರಕ್ಕೆ ನೂರು ಫಲಿತಾಂಶ ಅದೇ ಮೊದಲು. ಹೆಡ್‌ಮಾಸ್ಟರು ಸಮುದಾಯವನ್ನು ಅಭಿನಂದಿಸಿದರು. ಹಳೇಹುಲಿಗೆ ಹದಿನೈದನೇ ಪದಕ ಬಂತು. ಮುಂದಿನ ವರ್ಷದಿಂದ ಕಣ್ಣಿರುವ ಮಕ್ಕಳ ಪ್ರಶ್ನೆಪತ್ರಿಕೆಯಲ್ಲೂ ಕೊನೆಯ ಸಾಲು ತೆಗೆಯುವ ಪ್ರಸ್ತಾಪ ಪರಿಶೀಲನೆಯಲ್ಲಿದೆ.

ಉಳಿದಿದ್ದು ಒಂದೇ. ಪ್ರಶ್ನೆ ಕೇಳಿದವರೇ ಬಂದು ಅದನ್ನು ಮುಗಿಸಬೇಕೆಂದು ವೇದಿಕೆಯಿಂದ ಮೂರನೇ ಜ್ಞಾಪನಾಪತ್ರ ಬಂದಿತ್ತು. ಪ್ರಿಂಟರಮ್ಮ ಕಂಪ್ಯೂಟರಿನ ಮುಂದೆ ಕೂತಳು. ಮಗಳು ಪಕ್ಕದ ಸ್ಟೂಲಿನಲ್ಲಿದ್ದಳು.

"ಅಮ್ಮಾ, ಈಗ ಪತ್ರಿಕೆ ಮೊಹರು ಒಡೆದಾಗಿದೆ ಅಲ್ವಾ? ಆ ಕೊನೇ ಸಾಲಲ್ಲಿ ನಿಜಕ್ಕೂ ಏನಿತ್ತು?"

ಪ್ರಿಂಟರಮ್ಮ ಪರದೆಯ ಮೇಲೆ ಹುಡುಕಿ ಓದಿದಳು. "ಎರಡೂ ನಲ್ಲಿಗಳನ್ನು ಒಟ್ಟಿಗೆ ತೆರೆದರೆ ತೊಟ್ಟಿ ತುಂಬಲು ಎಷ್ಟು ಗಂಟೆ ಬೇಕು?"

"ಹನ್ನೆರಡು" ಎಂದಳು ಮಗಳು, ತಾಯಿ ಬಾಯಿ ಮುಚ್ಚುವುದರೊಳಗೆ. "ಇಷ್ಟೇನಾ?"

ಪ್ರಿಂಟರಮ್ಮ ವೇದಿಕೆಯಲ್ಲಿ ತನ್ನ ಪ್ರಶ್ನೆಯನ್ನು ತೆರೆದಳು. ಒಂಬತ್ತು ವರ್ಷದ ಹಿಂದೆ ಇದೇ ಪ್ರಶ್ನೆ ಕೇಳಿದ್ದ ಆ ಯಾರಿಗೋ ಸಮಸ್ಯೆ ಹೇಗೆ ಬಗೆಹರಿದಿತ್ತು ಎಂಬುದು ಆಕೆಗೆ ಆಗ ತಿಳಿಯಿತು. ಆಮೇಲೆ ಆಕೆಯೂ ಟೈಪ್ ಮಾಡಿದಳು:

"ಬಗೆಹರಿಯಿತು. ಧನ್ಯವಾದಗಳು."