ಅತ್ತೆಯ ಬಚ್ಚಲಿಗೆ ನಾನು ಹಾಕಿದ ಪೈಪು

"ಪ್ಲಂಬರ್ ಯಾಕೆ? ನಾನೇನು ಸತ್ತಿದ್ದೀನಾ?"

ಎದೆ ತಟ್ಟಿಕೊಂಡು ಹೀಗೆ ಘೋಷಿಸಿದ ಗಳಿಗೆಯಲ್ಲೇ ಹೆಂಡತಿ ನನ್ನ ಬಾಯಿಗೆ ಬಟ್ಟೆ ತುರುಕಿದ್ದರೆ ಚೆನ್ನಾಗಿತ್ತು! ವಿಷಯ ಇಷ್ಟೇ. ನಮ್ಮತ್ತೆಗೆ ಮೊಣಕಾಲಿನ ಆಪರೇಷನ್ ಆಗಿತ್ತು, ಮೆಟ್ಟಿಲು ಹತ್ತುವಂತಿರಲಿಲ್ಲ. ನಮ್ಮ ನೆಲಮಾಳಿಗೆಯ ಕೋಣೆಗೆ ಹಿಂದಿನ ಓಣಿಯಿಂದ ಸಲೀಸಾಗಿ ನಡೆದೇ ಬರಬಹುದು. ಅಲ್ಲೊಂದು ಶವರ್ ಆದರೆ ಸಾಕು, ಅತ್ತೆ ಒಂದು ತಿಂಗಳು ನಮ್ಮಲ್ಲಿ! ಇಲ್ಲದಿದ್ದರೆ ಎಂದಿನಂತೆ ನನ್ನ ಷಡ್ಡಕನ ಮನೆಯಲ್ಲಿ.

"ಮದುವೆಯಾಗಿ ಹನ್ನೊಂದು ವರ್ಷ. ಅಮ್ಮ ನಮ್ಮನೇಲಿ ಎರಡು ದಿನ ಉಳಿದದ್ದಿಲ್ಲ ರೀ," ಅಂದಳು ಹೆಂಡತಿ. "ದಮ್ಮಯ್ಯ, ಈ ಸಲ ಕೆಡಿಸಬೇಡಿ."

ಕೆಡಿಸೋದೇ? ನಾನು ಬಡಗಿ ಸ್ವಾಮಿ! ನಾನು ಹೊಡೆದ ಶೆಲ್ಫಿನ ಮೇಲೆ ಗೋಲಿ ಇಟ್ಟರೆ ಅದು ಅಲ್ಲೇ ತಪಸ್ಸಿಗೆ ಕೂರುತ್ತದೆ. ಮಟ್ಟ ನೋಡುವ ರಸಮಟ್ಟದ ಗಾಜಿನೊಳಗಿನ ಗುಳ್ಳೆ ಕೂದಲೆಳೆಯಷ್ಟು ಆಚೀಚೆ ಸರಿದರೂ ನನಗೆ ಊಟ ಸೇರುವುದಿಲ್ಲ.

ನೆಲ ಅಗೆದೆ. ಶವರ್ ನೀರು ಹೊರಹೋಗಲು ಮೂಲೆಯ ದೊಡ್ಡ ಚರಂಡಿ ಪೈಪಿನವರೆಗೆ ಹೊಸ ಪೈಪು ಮಲಗಿಸಿದೆ. ಮಹಡಿಯ ವಾಷಿಂಗ್ ಮಷೀನಿನ ಕೊಳವೆಯನ್ನೂ ಅದಕ್ಕೇ ಜೋಡಿಸಿದೆ. ರಸಮಟ್ಟ ಇಟ್ಟು ನೋಡಿದರೆ, ಆಹಾ, ಗುಳ್ಳೆ ನಟ್ಟನಡುವೆ! ಆನಂದಬಾಷ್ಪ ಒರೆಸಿಕೊಂಡು ಸಿಮೆಂಟು ಸುರಿದು ಮುಚ್ಚಿಬಿಟ್ಟೆ.

"ನೀರು ಬಿಟ್ಟು ನೋಡಿದ್ರಾ?"

"ಒಂದು ಚೊಂಬು ಹಾಕಿದೆ. ಹೋಯ್ತು!"

"ಎಲ್ಲಿಗೆ?"

"ಅದನ್ನೆಲ್ಲ ಕೇಳ್ತಾರಾ? ಹೋಯ್ತು ಅಂದ್ರೆ ಹೋಯ್ತು!"

ಭಾನುವಾರ ಅತ್ತೆ ಕೋಲೂರಿಕೊಂಡು ಬಂದರು. ಬಚ್ಚಲು ನೋಡಿ, "ಪರವಾಗಿಲ್ಲ ಅಳಿಯಂದ್ರೇ," ಅಂದರು. ಅವರು ಮೂವತ್ತು ವರ್ಷ ವಿಜ್ಞಾನ ಪಾಠ ಹೇಳಿದವರು. ಅವರ 'ಪರವಾಗಿಲ್ಲ' ಅಂದರೆ ನೂರಕ್ಕೆ ತೊಂಬತ್ತು! ನಾನು ಉಬ್ಬಿಹೋದೆ. ಅತ್ತೆ ಒಳಗೆ ಸ್ಟೂಲಿನ ಮೇಲೆ ಕೂತು ಶವರ್ ತಿರುಗಿಸಿದರು. ಅದೇ ಹೊತ್ತಿಗೆ ಮಹಡಿಯಲ್ಲಿ ವಾಷಿಂಗ್ ಮಷೀನು ಗಡಗಡ ಅಂದು, ಹೊಟ್ಟೆಯಲ್ಲಿದ್ದ ನೀರನ್ನೆಲ್ಲ ಕೆಳಗೆ ಬಿಟ್ಟಿತು.

"ಅಯ್ಯಯ್ಯೋ! ನೀರು ಕೆಳಗೆ ಹೋಗೋದು ಬಿಟ್ಟು ಮೇಲೆ ಬರ್ತಿದೆ!" ಒಳಗಿಂದ ಅತ್ತೆಯ ಕೂಗು.

ಬಾಗಿಲ ಸಂದಿಯಿಂದ ನೊರೆ ಹೊರಟು ನನ್ನ ಪಾದ ತೊಳೆಯಿತು. ಹೆಂಡತಿ ಓಡಿ ಬಂದಳು. "ನೋಡ್ತಿರಿ, ಅಮ್ಮ ಈಗಲೇ ಅಕ್ಕನ ಮನೆಗೆ ಹೊರಡ್ತಾರೆ! ನಿಮ್ಮ ಕೈಗುಣವೇ ಇಷ್ಟು!"

ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ತಲೆಗೆ ಟವೆಲ್ ಸುತ್ತಿದ ಅತ್ತೆ.

"ಅಳಿಯಂದ್ರೇ, ಪೈಪಿಗೆ ಇಳಿಜಾರು ಎಷ್ಟು ಕೊಟ್ಟಿದ್ದೀರಿ?"

"ಇಳಿಜಾರಾ?" ನನಗೆ ಅವಮಾನವೇ ಆಯಿತು. "ಚೂರೂ ಇಲ್ಲ ಅತ್ತೆ! ಗುಳ್ಳೆ ನಟ್ಟನಡುವೆ!"

ಹಿಂದಿನ ಬೆಂಚಿನ ಹುಡುಗನನ್ನು ನೋಡುವ ಹಾಗೆ ನೋಡಿದರು. "ನೀರಿಗೆ ಹರಿಯೋಕೆ ದಾರಿ ಬೇಕು ಕಣ್ರೀ, ಮಲಗೋಕೆ ಮಂಚ ಅಲ್ಲ!"

ಹಾಗಂದವರೇ ದೊಡ್ಡ ಮಗಳಿಗೆ ಫೋನ್ ಹಚ್ಚಿದರು. ಮುಗಿಯಿತು ಕಥೆ! ಹೆಂಡತಿ ನನ್ನ ತೋಳನ್ನು ಬಲವಾಗಿ ಚಿವುಟಿದಳು.

"ಲೇ, ನನ್ನ ದಾರಿ ಕಾಯಬೇಡ. ಒಂದು ತಿಂಗಳಲ್ಲ, ಆರು ತಿಂಗಳು ಇಲ್ಲೇ ಇರ್ತೀನಿ... ಉಪಚಾರ ಜೋರಾ ಅಂತೀಯಾ? ಅಯ್ಯೋ, ಅದೇನಿಲ್ಲ ಕಣೇ. ಈ ಮನುಷ್ಯನ ಜೊತೆ ನನ್ನ ಮಗಳನ್ನ ಒಂಟಿಯಾಗಿ ಬಿಟ್ಟು ಬರೋಕೆ ನನಗೆ ಧೈರ್ಯ ಇಲ್ಲ!"