ಯಂತ್ರ ಹಾಕಿದ ಎಲೆ

ಕಡಲೆಕಾಯಿ ಕಿತ್ತು, ಬಳ್ಳಿ ಬಣವೆ ಸೇರಿ, ಕಲ್ಯಾಣದುರ್ಗದಲ್ಲಿ ಮದುವೆಗಳು ಶುರುವಾಗಿದ್ದವು. ಮುರಳೀಕೃಷ್ಣನ ಹಿತ್ತಲಲ್ಲಿ ಹೆಂಗಸರು ಹೂರಣ ರುಬ್ಬುತ್ತಿದ್ದರು. ಅವನು ಮಾತ್ರ ಜಗುಲಿಯ ಮೇಲೆ ತಲೆ ಮೇಲೆ ಕೈಹೊತ್ತು ಕೂತಿದ್ದ. ಹಿರಿಮಗಳ ಮದುವೆ. ಊಟದ ಪಂಕ್ತಿಯಲ್ಲಿ ಯಾರ ಪಕ್ಕ ಯಾರೆಂದು ಸದ್ದಿಲ್ಲದೆ ಕೂರಿಸುತ್ತಿದ್ದ ಅವನ ತಂದೆ ಈಗಿಲ್ಲ. ಮಗ್ಗದ ಮನೆತನ, ನೂಲು ಹರಿದರೆ ತಕ್ಷಣ ಗಂಟು ಹಾಕುವ ಜನ, ಮಾತು ಹರಿದರೆ ಮೊಮ್ಮಕ್ಕಳ ಕಾಲದವರೆಗೂ ಹಾಗೇ ಬಿಡುತ್ತಾರೆ.

ಹಿಂದೂಪುರದ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವ ಭಾನುಪ್ರಕಾಶ್ ಬೆಳಗಿನ ಬಸ್ಸಿಗೇ ಬಂದಿದ್ದ. ಈ ಮನೆಯ ಕಿರಿಮಗಳು ಕಲ್ಪನಾಳ ಮೇಲೆ ಅವನಿಗೆ ಮನಸ್ಸು. ಅವಳೂ ಒಪ್ಪಿದ್ದಳು, ಅಪ್ಪ ಒಪ್ಪಿರಲಿಲ್ಲ.

“ಮಾವಾ, ಪಂಕ್ತಿ ನನಗೆ ಬಿಡಿ.”

“ಅಬ್ಬಾಯಿ, ಜಗಳ ಆಗ್ದಂಗೆ ಊಟ ಮುಗುಸ್ಬುಡು, ಕಲ್ಪನಾನ ನಿಂಗೇ ಕೊಡ್ತೀನಿ. ಮಾತಂದ್ರೆ ಮಾತು.”

ಭಾನುಪ್ರಕಾಶ್ ತಲೆಯಾಡಿಸಿ ಲ್ಯಾಪ್‌ಟಾಪ್ ತೆಗೆದ. ದೂರದೇಶದ ಕ್ವಾಂಟಮ್ ಯಂತ್ರವೊಂದಕ್ಕೆ ಇಂಟರ್‌ನೆಟ್ಟಿನಲ್ಲಿ ಲೆಕ್ಕ ಕಳಿಸಲು ಅವನ ಕಾಲೇಜಿಗೆ ಅನುಮತಿಯಿತ್ತು. ಒಂದೇ ಲೆಕ್ಕವನ್ನು ಅದಕ್ಕೂ ಸಾಧಾರಣ ಕಂಪ್ಯೂಟರಿಗೂ ಕೊಟ್ಟು, ಯಾವುದು ಮೇಲೆಂದು ಪರೀಕ್ಷಿಸುವುದೇ ಅವನ ಸಂಶೋಧನೆ.

“ಎರಡಕ್ಕೂ ಏನ್ಲಾ ಯತ್ವಾಸ?” ಎಂದಳು ಮುರಳೀಕೃಷ್ಣನ ಸೋದರತ್ತೆ ಬನಶಂಕರಮ್ಮ.

“ಎಲ್ಲಕ್ಕಿಂತ ತಗ್ಗಾದ ಹಳ್ಳ, ಅಂದ್ರೆ ಜಗಳ ಎಲ್ಲಕ್ಕಿಂತ ಕಮ್ಮಿ ಇರೋ ಪಂಕ್ತಿ, ಹುಡುಕಬೇಕು ಅನ್ಕೋ ಅಜ್ಜಿ. ಲ್ಯಾಪ್‌ಟಾಪು ಗುಡ್ಡ ಹತ್ತಿ ಇಳ್ದು ಹುಡುಕ್ತದೆ. ಆ ಯಂತ್ರ ಗುಡ್ಡದೊಳಗೇ ನೀರಿನಂಗೆ ಜಿನುಗಿ ಹೋಯ್ತದೆ.”

“ಭೇಷ್. ನಮ್ಮ ಯಶೋದಿನೂ ಹಂಗೇ ಕಣಪ್ಪ. ಬಾಗ್ಲು ಹಾಕಿದ್ರೂ ಒಳಗೆ ಬತ್ತಾಳೆ.”

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಯಂತ್ರಕ್ಕೆ ಮಾಹಿತಿ ಬೇಕಲ್ಲ, ಭಾನುಪ್ರಕಾಶ್ “ನಿಮಗೆ ಯಾರ ಜತೆ ಮಾತಿಲ್ಲ?” ಎಂದು ಚಪ್ಪರದ ತುಂಬ ಕೇಳಿಕೊಂಡು ಹೊರಟ. ಆ ಬಳಗದಲ್ಲಿ ಅದು ಎಲ್ಲರಿಗೂ ಗೊತ್ತಿರುವ, ಯಾರೂ ಬಾಯಿಬಿಟ್ಟು ಆಡದ ಸಂಗತಿ.

“ನಂಗೆ ಎಲ್ರೂ ಬೇಕಾದೋರೇ ಕಣಪ್ಪ” ಎಂದಳು ಬನಶಂಕರಮ್ಮನ ವಾರಗಿತ್ತಿ ಯಶೋದಮ್ಮ.

“ಬಾಗಿಲು ಹಾಕಿದ್ರೂ ಒಳಗೆ ಬತ್ತೀರಿ ಅಂತ ಬನಶಂಕರಮ್ಮ ಹೇಳಿದ್ರಲ್ಲ?”

ಯಶೋದಮ್ಮನ ನಗು ಕರೆಂಟು ಹೋದಂತೆ ಹೋಯಿತು. “ಹೇಳಿದ್ಲಾ? ಸರೇ, ಅವಳ ಹೆಸ್ರು ಬರ್ಕೋ.”

ಹೀಗೆ ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ತೋರಿಸಿ ಖಚಿತಪಡಿಸಿಕೊಳ್ಳುತ್ತ ಅವನು ಇಡೀ ಬಳಗವನ್ನು ಮುಗಿಸಿದ. ಹೂರಣ ರುಬ್ಬುವ ಕಲ್ಲು ನಿಂತುಹೋಗಿತ್ತು. ಅವನಿಗೆ ಅದು ಕೇಳಿಸಲಿಲ್ಲ.

ಎರಡಕ್ಕೂ ಲೆಕ್ಕ ಕೊಟ್ಟ. ಲ್ಯಾಪ್‌ಟಾಪು ಫ್ಯಾನು ತಿರುಗಿಸಿಕೊಂಡು ಏದುಸಿರು ಬಿಟ್ಟು, ಎರಡು ಕಡೆ ವೈರಿಗಳನ್ನು ಪಕ್ಕಪಕ್ಕ ಕೂರಿಸಿತು. ಕ್ವಾಂಟಮ್ ಯಂತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಒಂದೇ ಕಡೆ ಸೋತಿತ್ತು: ಬನಶಂಕರಮ್ಮ, ಯಶೋದಮ್ಮ. ಕಾಣದ ಊರಿನ ಯಂತ್ರ, ಕಾಣದ ಜನರ ಮುನಿಸನ್ನು ಇಷ್ಟು ನಾಜೂಕಾಗಿ ಬಿಡಿಸಿದೆಯಲ್ಲ ಎಂದು ಅವನ ಕಣ್ಣು ತುಂಬಿ ಬಂತು.

ತಲೆಯೆತ್ತಿದರೆ ಅವರಿಬ್ಬರೇ ಎದುರಿಗೆ ನಿಂತಿದ್ದರು. ಅವರ ಹಿಂದೆ ಬಳಗವೆಲ್ಲ.

“ನಾವಿಬ್ರೂ ಪಕ್ಕದಾಗೇ ಕೂತ್ಕೊತೀವಿ” ಎಂದಳು ಬನಶಂಕರಮ್ಮ. “ಇನ್ನೊಂದು ಹೆಸ್ರು ಸೇರುಸ್ಬೇಕು. ಆ ಮನುಸನ ಪಕ್ಕ ನಮ್ಮಲ್ಲಿ ಯಾರೂ ಕೂರಲ್ಲ.”

“ಯಾರಜ್ಜಿ?”

“ನೀನೇ ಕಣ್ಲಾ, ಚಾಡಿಪೆಟ್ಟಿಗೆ.” ಹೇಳಿದವಳು ಯಶೋದಮ್ಮ. ವಾರಗಿತ್ತಿಯರು ಒಬ್ಬರ ಭುಜ ಒಬ್ಬರು ಹಿಡಿದುಕೊಂಡಿದ್ದರು.

ಸಂಶೋಧಕ ಮಾಹಿತಿ ಮುಚ್ಚಿಡುವಂತಿಲ್ಲ. ಅವನು ತನ್ನ ಹೆಸರನ್ನೂ ಸೇರಿಸಿ ಮತ್ತೆ ಕೊಟ್ಟ. ಅವತ್ತು ಮೊದಲ ಸಲ ಎರಡು ಯಂತ್ರಗಳೂ ಒಂದು ವಿಷಯಕ್ಕೆ ಒಪ್ಪಿದವು: ಭಾನುಪ್ರಕಾಶನ ಎಲೆ ನೀರಿನ ಡ್ರಮ್ಮಿನ ಪಕ್ಕ, ಒಂಟಿ.

ಊಟ ದೇವರ ಪೂಜೆಯಂತೆ ನಡೆಯಿತು. ಒಂದು ಅಪಸ್ವರವಿಲ್ಲ. ಮುರಳೀಕೃಷ್ಣ ಡ್ರಮ್ಮಿನ ಹತ್ತಿರ ಬಂದ.

“ಮಿಷನ್ನು ಮಿಷನ್ನೇ ಅಬ್ಬಾಯಿ, ಒಪ್ಪಿದೆ. ಆದ್ರೆ ನಿನ್ ಮದುವೇಲಿ ಪಂಕ್ತಿಗೆ ಕೂರೋರು ಯಾರು? ಇವ್ರೆಲ್ಲ ನಿನ್ನ ಮಾತಾಡ್ಸೋಗಂಟ ನಾ ಕೊಟ್ಟ ಮಾತು ಬಾಕಿ ಇರ್ಲಿ.”

ಕಲ್ಪನಾ ಹೋಳಿಗೆ ಬುಟ್ಟಿ ಹಿಡಿದು ಬಂದಳು. ಭಾನುಪ್ರಕಾಶ್ ಆಸೆಯಿಂದ ಮುಖವೆತ್ತಿದ. ಅವಳು ಎಲೆಗೆ ಒಂದು ಹೋಳಿಗೆ ಹಾಕಿದಳು.

“ಪಂಕ್ತಿ ಕೂರ್ಸಿದ್ರೆ ನನ್ನ ಕೊಡ್ತೀನಿ ಅಂತ ಅಪ್ಪ ಅಂದಾಗ ನನ್ನೊಂದು ಮಾತು ಕೇಳಿದ್ಯಾ? ನಿನ್ ಪಕ್ಕ ಕೂರದೋರ ಪಟ್ಟೀಗೆ ನನ್ ಹೆಸ್ರೂ ಸೇರುಸ್ಕೋ.”

ಅವಳು ಹೋದ ಮೇಲೆ ಎಡಗೈಯಲ್ಲಿ ಲ್ಯಾಪ್‌ಟಾಪಿಗೆ ಅವಳ ಹೆಸರು ಒತ್ತಿ, ಎರಡು ಯಂತ್ರಕ್ಕೂ ಕಳಿಸಿದ.

ಉತ್ತರ ಬದಲಾಗಲಿಲ್ಲ.