ಸರ್ಕಾರಿ ತೋಟದ ಹೂವಿನ ಮುನಶಿ

ಹೂವಿನ ಮುಂದೆ ನಿಂತ ಮನುಷ್ಯನಿಗೆ ಬಾಯಿ ಮುಚ್ಚಿಕೊಂಡಿರಲು ಆಗುವುದಿಲ್ಲ. ಮೊದಲು ‘ಆಹಾ’ ಅನ್ನುತ್ತಾನೆ, ಆಮೇಲೆ ‘ಇದರ ಹೆಸರೇನು’ ಅನ್ನುತ್ತಾನೆ. ಫಜೀತಿಯೆಲ್ಲ ಶುರುವಾಗುವುದು ಆ ಎರಡನೆಯ ಮಾತಿನಿಂದ. ನಿಜಾಮರ ಕಾಲದಲ್ಲಿ ಬೀದರದ ಒಂದು ಸರ್ಕಾರಿ ತೋಟದಲ್ಲಿ ನಾನು ಮುನಶಿಯಾಗಿದ್ದೆ. ದೇಶದೇಶದ ಗಿಡ ತಂದು ಹಚ್ಚಿದ ತೋಟ. ಬಂದವರನ್ನು ಸುತ್ತಾಡಿಸುವುದು, ಹೂ ತೋರಿಸಿ ಹೆಸರು ಹೇಳುವುದು ನನ್ನ ಕೆಲಸ. ಗಿಡ ಬೆಳೆಸುವುದು ನಮ್ಮ ಮುದುಕ ಮಾಲಿಯ ಕೆಲಸ. ಮನೆಯಲ್ಲಿ ದಖನಿ ಉರ್ದು ಆಡುವ ಸಾಬರು ಅವರು. ಕನ್ನಡದಲ್ಲಿ ಜಗಳಕ್ಕೆ ನಿಂತರೆ ಮಾತ್ರ ನಾವು ಯಾರೂ ಗೆಲ್ಲುತ್ತಿರಲಿಲ್ಲ.

ದಾಸವಾಳದ ಪಂಚಾಯ್ತಿ

ಒಂದು ಮುಂಜಾನೆ ಕೆಂಪು ದಾಸವಾಳವೊಂದು ಅಂಗೈಯಗಲ ಅರಳಿತ್ತು. ಗಿಡದಲ್ಲಿ ಅದೊಂದೇ ಹೂ. ಬಗದಲದ ಗೌಡರು ಅದನ್ನು ನೋಡಿ, “ಆಹಾ, ಎಂಥ ದಾಸಾಳ!” ಅಂದರು.

ಪಕ್ಕದಲ್ಲಿದ್ದ ಹಕೀಮರು ನಕ್ಕರು. “ದಾಸಾಳ ಅಲ್ಲರಿ ಗೌಡ್ರ, ಇದು ಗುಡಹಲ್. ನಾವು ಇದರ ಶರಬತ್ತ ಮಾಡ್ತೀವಿ.”

ಡಾಬಕಾದಿಂದ ಬಂದ ಪಾಟೀಲರು ಮರಾಠಿ ಸೀಮೆಯವರು. “ಇಬ್ಬರೂ ತಪ್ಪೀರಿ. ಇದು ಜಾಸ್ವಂದ. ಗಣಪತಿಗಿ ಏರಸ್ತಾರ,” ಅಂದರು.

ಮೂವರ ದನಿಯೂ ಏರಿತು. ಮೂರೂ ಒಂದೇ ಹೂವಿನ ಹೆಸರು ಎಂದು ನಾನು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಗೌಡರು ರುಮಾಲು ಬಿಚ್ಚಿ ಮತ್ತೆ ತಲೆಗೆ ಸುತ್ತಿಕೊಂಡರು. ಹಕೀಮರು ಅಜ್ಜನ ಹೆಸರು ಎತ್ತಿದರು. ಪಾಟೀಲರು ಊರಿಗೆ ಹೋಗಿ ಸಾಕ್ಷಿ ತರುತ್ತೇನೆ ಅಂದರು. ಕೊನೆಗೆ ಹೂವನ್ನೇ ಹಿಡಿದು ತೋರಿಸಿ ತೀರ್ಮಾನ ಮಾಡೋಣವೆಂದು ಮೂವರೂ ತಿರುಗಿದರೆ ಗಿಡ ಬೋಳು!

ಜನವಾಡದ ಮುದುಕಿಯೊಬ್ಬಳು ಹೂವನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಾಗಿಲ ಹತ್ತಿರ ಹೋಗಿಬಿಟ್ಟಿದ್ದಳು. ನಾನು ಕೂಗಿದೆ. ಆಕೆ ನಿಂತು, ಸಮಾಧಾನದಿಂದ ಹೇಳಿದಳು: “ನೀವು ಹೆಸರು ಪಕ್ಕಾ ಮಾಡ್ಕೋತ ಕುಂದ್ರಿ ಯಪ್ಪಾ. ಅಷ್ಟರಾಗ ನಾ ದೇವರಿಗಿ ಏರಿಸಿ ಬರ್ತೇನಿ.”

ಕಚೇರಿ ವ್ಯಾಳ್ಯಾ

ಒಮ್ಮೆ ಹೈದರಾಬಾದಿನಿಂದ ದೊಡ್ಡ ಸಾಹೇಬರು ತೋಟ ತಪಾಸಣೆಗೆ ಬಂದರು. ಸುಡು ಮಧ್ಯಾಹ್ನ. ಸಂಜೆಮಲ್ಲಿಗೆಯ ಪಾತಿಯ ಮುಂದೆ ನಿಂತರು. ಉರ್ದುವಿನಲ್ಲಿ ಅದಕ್ಕೆ ಗುಲ್ ಅಬ್ಬಾಸ್ ಅನ್ನುತ್ತಾರೆ; ಹೆಸರು ಅವರಿಗೂ ಗೊತ್ತಿತ್ತು. ಆದರೆ ಹೂವೆಲ್ಲ ಮುದುಡಿ ಜೋತು ಬಿದ್ದಿತ್ತು.

“ನೀರಿಲ್ಲದೆ ಸಾಯಿಸಿದ್ದೀರಿ! ಯಾರು ಇಲ್ಲಿಯ ಮಾಲಿ? ನಾಳೆಯಿಂದ ಅವನು ಕೆಲಸಕ್ಕೆ ಬರುವುದು ಬೇಡ,” ಅಂದರು.

ಮಾಲಿಯ ಮನೆ ತುಂಬ ಉಣ್ಣುವ ಬಾಯಿಗಳಿದ್ದವು. “ಹುಜೂರ್, ಅದು ಸಂಜೆಗೆ ಅರಳೋ ಹೂ,” ಅಂದೆ. ಸಾಹೇಬರು ನಂಬಲಿಲ್ಲ. ಸರ್ಕಾರಿ ತೋಟದ ಹೂ ಸರ್ಕಾರಿ ವೇಳೆಯಲ್ಲಿ ಅರಳದೆ ಇನ್ಯಾವಾಗ ಅರಳಬೇಕೆಂದು ನನ್ನನ್ನೇ ಗದರಿಸಿದರು.

ಮಾಲಿ ಹುಣಸೆ ಮರದ ನೆರಳಿಗೆ ಕುರ್ಚಿ ತಂದು ಹಾಕಿದರು, ತಣ್ಣೀರು ಕೊಟ್ಟರು, ಗಾಳಿ ಬೀಸಿದರು. ದಾರಿ ಆಯಾಸಕ್ಕೆ ಸಾಹೇಬರಿಗೆ ಕುಳಿತಲ್ಲೇ ಜೊಂಪು ಹತ್ತಿತು. ಎಚ್ಚರಾದಾಗ ಹೊತ್ತು ಇಳಿದಿತ್ತು. ಪಾತಿಯ ತುಂಬ ಕೆಂಪು, ಹಳದಿ, ಬಿಳಿ, ಘಮಘಮ ವಾಸನೆ. ಸಾಹೇಬರು ಚಿಕ್ಕ ಹುಡುಗನಂತೆ ಕಣ್ಣರಳಿಸಿ, “ಇದು ಹೇಗಯ್ಯಾ ಆಯಿತು?” ಅಂದರು.

ಮಾಲಿ ಕೈ ಮುಗಿದು ಹೇಳಿದರು: “ಹುಜೂರ್, ಕಚೇರಿ ಬಿಟ್ಟ ಮ್ಯಾಲ ಯಾರ ಮಾರಿ ಅರಳಂಗಿಲ್ಲ ಹೇಳ್ರಿ?”

ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾಲಿಯ ನೌಕರಿ ಉಳಿಯಿತು.

ಭಾಲ್ಕಿಗೆ ಹೋದ ಗಿಡ

ಭಾಲ್ಕಿಯ ಬಟ್ಟೆ ಅಂಗಡಿಯ ಶೆಟ್ಟರು ತೋಟಕ್ಕೆ ಬಂದವರು ಮುಟ್ಟಿದರೆಮುನಿಯ ಗುಲಾಬಿ ಬಣ್ಣದ ಗುಂಡು ಹೂವಿಗೆ ಮರುಳಾದರು. ರೇಷ್ಮೆ ಎಳೆಯ ಚೆಂಡಿನ ಹಾಗಿರುತ್ತದಲ್ಲ, ಅದು. “ಅಂಗಡಿ ಮುಂದ ಇಟ್ರ ಗಿರಾಕಿ ತಾನೇ ಬರ್ತದ, ಒಂದು ಸಸಿ ಕೊಡ್ರಿ,” ಎಂದು ಗಂಟು ಬಿದ್ದರು. ಮಾಲಿ ಕುಂಡದಲ್ಲಿ ನೆಟ್ಟು ಕೊಟ್ಟರು. ಶೆಟ್ಟರು ಎತ್ತಿನ ಗಾಡಿಯಲ್ಲಿ, ಹಸಿ ಬಾಣಂತಿಯನ್ನು ಕರೆದೊಯ್ದ ಹಾಗೆ, ಅದನ್ನು ಕರೆದೊಯ್ದರು.

ಸ್ವಲ್ಪ ದಿನ ಬಿಟ್ಟು ಶೆಟ್ಟರು ಕುಂಡ ಹಿಡಿದುಕೊಂಡು ವಾಪಸು ಬಂದರು. ಮುಖ ಸಪ್ಪಗಿತ್ತು.

“ಯಾಕ ಶೆಟ್ರ, ಗಿರಾಕಿ ಬರಲಿಲ್ಲೇನ್ರಿ?”

“ಬಂದ್ರಲ್ಲ! ಇಡೀ ಭಾಲ್ಕಿ ಬಂತು. ಮುಟ್ಟೋದು, ಮುಚ್ಚೋದು ನೋಡೋದು, ನಗೋದು, ಹೋಗೋದು. ಒಬ್ಬರೂ ಒಂದು ಕುಪ್ಪಸದ ಖಣ ಸುದ್ದಾ ಕೊಳ್ಳಲಿಲ್ಲ. ಅಲ್ರಿ ಮುನಶಿ ಸಾಹೇಬ್ರ, ಗಿರಾಕಿ ಕೈ ಹಚ್ಚಿದ ಕೂಡ್ಲೆ ಅಂಗಡಿ ಮುಚ್ಚೋ ಮಾಲು, ವ್ಯಾಪಾರಸ್ಥಗ ಹ್ಯಾಂಗ ಕೊಟ್ರಿ?”

ಔರಾದದ ಅಜ್ಜಿ

ಆಗ ನನಗಿನ್ನೂ ಲಗ್ನವಾಗಿರಲಿಲ್ಲ. ಔರಾದದಲ್ಲೊಂದು ಹುಡುಗಿ ಇದೆ ಎಂದು ಸುದ್ದಿ ಬಂತು. ಹುಡುಗಿಯ ಅಜ್ಜಿ ಮಾತ್ರ, “ಹುಡುಗ ಮಾಡೋ ಕೆಲಸ ಕಣ್ಣಿಲೆ ನೋಡಿನೇ ಹುಡುಗಿ ಕೊಡ್ತೇನಿ” ಎಂದು ಹಟ ಹಿಡಿದು, ಮೊಮ್ಮಗಳನ್ನೂ ಗಾಡಿಯಲ್ಲಿ ಕೂರಿಸಿಕೊಂಡು ತೋಟಕ್ಕೇ ಬಂದಿಳಿದಳು. ನಾನು ಒಗೆದ ಶೇರವಾನಿ ಹಾಕಿಕೊಂಡು ತಯಾರಾಗಿದ್ದೆ.

ಅಜ್ಜಿ ಕೋಲು ತೋರಿಸುವುದು, ನಾನು ಹೆಸರು ಹೇಳುವುದು. “ಇದು?” “ಸ್ಯಾವಂತಿಗಿರಿ, ಉರ್ದುದಾಗ ಗುಲ್ ದಾವೂದಿ.” “ಇದು?” “ಕಣಗಲರಿ.” ಒಂದೂ ತಪ್ಪಲಿಲ್ಲ. ಹುಡುಗಿ ತಲೆ ತಗ್ಗಿಸಿಕೊಂಡು ಹಿಂದಿನಿಂದ ಬರುತ್ತಿದ್ದಳು. ನನಗೆ ಹುರುಪು ಏರುತ್ತಾ ಹೋಯಿತು.

ಕೊನೆಗೆ ಅಜ್ಜಿ ಕೋಲನ್ನು ಹುಡುಗಿಯ ತುರುಬಿನ ಕಡೆ ತಿರುಗಿಸಿದಳು. ಅಲ್ಲೊಂದು ಕೇಸರಿ ಬಣ್ಣದ ದಪ್ಪ ಹೂ. “ಮತ್ತ ಇದು?”

ಅಂಥ ಹೂ ನಾನು ಕಂಡಿರಲಿಲ್ಲ. ಹುಡುಗಿಯ ಮುಂದೆ ‘ಗೊತ್ತಿಲ್ಲ’ ಅನ್ನುವುದೆಂತು? ಗಂಟಲು ಸರಿಮಾಡಿಕೊಂಡು, “ಇದು ಪರದೇಶದ ಗುಲಾಬಿರಿ. ಭಾಳ ನಾಜೂಕು ಜಾತಿ. ಹಿಂಗಾರಿನಾಗಷ್ಟೇ ಅರಳ್ತದ,” ಅಂದೆ.

“ವಾಸನಿ?”

“ತೆಳು ಇರ್ತದರಿ. ಇಲ್ಲಿತನಾ ಬರ್ಲಿಕತ್ತದ ನೋಡ್ರಿ.”

“ಬರಲಾರದೇನು? ನಿನ್ನಿನೇ ಸಾಬಾನ ಹಚ್ಚಿ ಒಗದೀನಿ,” ಅಂದಳು ಅಜ್ಜಿ. “ಇದು ನಮ್ಮ ಯಜಮಾನ್ರ ಹಳೀ ರುಮಾಲಪ್ಪ. ಹುಡುಗಿ ಹರದು ಹೂ ಹೊಲದಾಳ.”

ಹುಡುಗಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗತೊಡಗಿದಳು. ಪಾತಿ ಅಗೆಯುತ್ತಿದ್ದ ಮಾಲಿ ಸಲಿಕೆ ಬಿಟ್ಟು ನೆಲಕ್ಕೇ ಕುಳಿತುಬಿಟ್ಟರು. ಸಂಬಂಧ ಮುರಿಯಿತು ಅಂದುಕೊಂಡೆ.

ಗಾಡಿ ಹತ್ತುವಾಗ ಅಜ್ಜಿ ನನ್ನ ಎದುರಿಗೇ ಕೇಳಿದಳು: “ಏನವ್ವಾ, ಸುಳ್ಳು ಹೇಳ್ತಾನಲ್ಲ ಇಂವ. ಬ್ಯಾಡ ಅಂದುಬಿಡ್ಲೇನು?”

ಹುಡುಗಿ ತಗ್ಗಿಸಿದ ತಲೆ ಎತ್ತಲಿಲ್ಲ. ಮಾತು ಮಾತ್ರ ನನ್ನ ತನಕ ಸ್ಪಷ್ಟ ಕೇಳಿಸಿತು:

“ಇರಲಿ ಬಿಡಜ್ಜಿ. ಹರಕ ರುಮಾಲಿಗಿ ಇಷ್ಟು ಹೊಗಳಾಂವ, ನಾ ಸುಟ್ಟು ಹಾಕಿದ ರೊಟ್ಟಿಗಿ ಎಷ್ಟು ಹೊಗಳ್ಲಿಕ್ಕಿಲ್ಲ!”